ಅಮೆರಿಕದ ಅಧ್ಯಕ್ಷೀಯ ಕಣದಲ್ಲಿ ಮೂರನೆಯ ಅಭ್ಯರ್ಥಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೂ ಇಲ್ಲಿಂದಲೇ ಆ ಚುನಾವಣೆಯನ್ನು ಗಮನಿಸುವವರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು. ಅಂಕಿಗಳು 2024ರ ಚುನಾವಣೆಯವರೆಗಿನವು. ರಾಜ್ಯಗಳ ನಿಯಮಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಏನಾದರೂ ಮಾಡುವ ಮುನ್ನ ನಿಮ್ಮ ರಾಜ್ಯದ ಚುನಾವಣಾ ಕಚೇರಿಯ ಕೈಪಿಡಿ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಅಮೆರಿಕದಲ್ಲಿ ಇರೋದೇ ಎರಡು ಪಕ್ಷ ಅಲ್ವಾ? ಮೂರನೆಯವರು ಅಂದ್ರೆ ಯಾರು?

ಅಲ್ಲ. 1971ರಲ್ಲಿ ಹುಟ್ಟಿದ ಲಿಬರ್ಟೇರಿಯನ್ ಪಕ್ಷ, ಗ್ರೀನ್ ಪಕ್ಷ, ಕಾನ್‌ಸ್ಟಿಟ್ಯೂಷನ್ ಪಕ್ಷ ಪ್ರತಿ ಸಲವೂ ಕಣದಲ್ಲಿರುತ್ತವೆ. ಜೊತೆಗೆ ಪಕ್ಷೇತರರು. ರಿಪಬ್ಲಿಕನ್, ಡೆಮಾಕ್ರಟಿಕ್ ಬಿಟ್ಟು ಉಳಿದ ಎಲ್ಲರನ್ನೂ ಅಲ್ಲಿ ಒಟ್ಟಾಗಿ ಮೂರನೆಯವರು ಎನ್ನುತ್ತಾರೆ. ಇವರೆಲ್ಲರ ಮತ ಕೂಡಿದರೆ 2016ರಲ್ಲಿ ಶೇ 6ರ ಹತ್ತಿರ ಬಂದಿತ್ತು. 2020 ಮತ್ತು 2024ರಲ್ಲಿ ಶೇ 2ರ ಆಸುಪಾಸಿಗೆ ಇಳಿಯಿತು.

ಲಿಂಕನ್ ಗೆದ್ದದ್ದು ಮೂರನೇ ಪಕ್ಷದಿಂದ ಅಂತಾರಲ್ಲ, ಹೌದಾ?

ಇದನ್ನು ತುಂಬಾ ಜನ ನಂಬಿದ್ದಾರೆ, ಆದರೆ ಸರಿಯಲ್ಲ. ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಎರಡೇ ವರ್ಷಕ್ಕೆ, 1856ರಲ್ಲಿ, ಅದರ ಅಭ್ಯರ್ಥಿ ಜಾನ್ ಫ್ರಿಮಾಂಟ್ 114 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಂದ ಬರುವ ಎಲೆಕ್ಟರುಗಳೆಂಬ ಪ್ರತಿನಿಧಿಗಳ ಮತ) ಗಳಿಸಿ ಎರಡನೇ ಸ್ಥಾನಕ್ಕೆ ಬಂದರು. ಅಷ್ಟರಲ್ಲಿ ಹಳೆಯ ವಿಗ್ ಪಕ್ಷ ಗುಲಾಮಗಿರಿಯ ಪ್ರಶ್ನೆಯ ಮೇಲೆ ಒಡೆದು ಮುಗಿದುಹೋಗಿತ್ತು. 1860ರಲ್ಲಿ ಲಿಂಕನ್ ನಾಲ್ವರು ಅಭ್ಯರ್ಥಿಗಳ ನಡುವೆ ಶೇ 40ರಷ್ಟು ಮತದಿಂದ ಗೆದ್ದಾಗ ಅವರದು ಎರಡು ದೊಡ್ಡ ಪಕ್ಷಗಳಲ್ಲಿ ಒಂದು. ಖಾಲಿಯಾದ ಜಾಗಕ್ಕೆ ಹೊಸ ಪಕ್ಷ ಬಂದು ಕೂತದ್ದು ಅದು. ಆಮೇಲೆ ಆ ಜಾಗ ಖಾಲಿಯಾಗಿಲ್ಲ, ಮೂರನೆಯವರು ಯಾರೂ ಅಧ್ಯಕ್ಷರಾಗಿಲ್ಲ.

ಅತಿ ಹತ್ತಿರ ಬಂದವರು 1912ರ ಥಿಯೊಡೋರ್ ರೂಸ್‌ವೆಲ್ಟ್: ಶೇ 27 ಮತ, 88 ಎಲೆಕ್ಟರುಗಳು. ಅವರು ಆಗಲೇ ಒಮ್ಮೆ ಅಧ್ಯಕ್ಷರಾಗಿದ್ದವರು, ದೇಶವೆಲ್ಲ ಬಲ್ಲ ಹೆಸರು. ಹಾಗಿದ್ದೂ ರಿಪಬ್ಲಿಕನ್ ಮತ ಅವರಿಗೂ ಆ ಪಕ್ಷದ ಅಧಿಕೃತ ಅಭ್ಯರ್ಥಿ ಟಾಫ್ಟ್‌ಗೂ ಹಂಚಿಹೋಗಿ, ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ ಶೇ 42ರಷ್ಟು ಮತಕ್ಕೆ 435 ಎಲೆಕ್ಟರುಗಳನ್ನು ಬಾಚಿಕೊಂಡರು.

1992ರಲ್ಲಿ ಪಕ್ಷೇತರರಾಗಿ ನಿಂತ ಉದ್ಯಮಿ ರಾಸ್ ಪೆರೋಗೆ ಶೇ 19 ಮತ ಬಂದರೂ ಒಂದೇ ಒಂದು ಎಲೆಕ್ಟೋರಲ್ ಮತ ಬರಲಿಲ್ಲ. ಇದು ಹೇಗೆ?

ಈ ಒಂದು ಪ್ರಶ್ನೆಗೆ ಉತ್ತರ ಗೊತ್ತಾದರೆ ಉಳಿದದ್ದು ಅರ್ಧ ಅರ್ಥವಾದಂತೆ.

ಅಮೆರಿಕದ ಮತದಾರ ಅಧ್ಯಕ್ಷರನ್ನು ನೇರವಾಗಿ ಆರಿಸುವುದಿಲ್ಲ. ಒಟ್ಟು 538 ಎಲೆಕ್ಟರುಗಳಿದ್ದಾರೆ, ಗೆಲ್ಲಲು 270 ಬೇಕು. 48 ರಾಜ್ಯಗಳಲ್ಲೂ ರಾಜಧಾನಿ ವಾಷಿಂಗ್ಟನ್‌ನಲ್ಲೂ ಮೊದಲು ಬಂದವರಿಗೆ ಅಲ್ಲಿನ ಎಲ್ಲ ಎಲೆಕ್ಟರುಗಳೂ ಹೋಗುತ್ತಾರೆ, ಎರಡನೆಯವರಿಗೆ ಸೊನ್ನೆ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಕೆಲವು ಎಲೆಕ್ಟರುಗಳನ್ನು ಕ್ಷೇತ್ರವಾರು ಹಂಚುತ್ತವೆ. 1992ರಲ್ಲಿ ಪೆರೋಗೆ ಸುಮಾರು 1.97 ಕೋಟಿ ಮತ ಬಿದ್ದಿತ್ತು. ಮೇನ್‌ನಲ್ಲೂ ಯೂಟಾದಲ್ಲೂ ಅವರು ಎರಡನೆಯವರಾದರು. ಆದರೆ ಮೊದಲಿಗರಾದ ರಾಜ್ಯ ಒಂದೂ ಇಲ್ಲ. ಆ ಮತ ದೇಶದ ತುಂಬ ತೆಳ್ಳಗೆ ಹರಡಿಕೊಂಡಿತ್ತು.

ಇದಕ್ಕೆ ಪಕ್ಕದಲ್ಲಿ 1948ನ್ನು ಇಟ್ಟು ನೋಡಿ. ಆ ವರ್ಷ ಇಬ್ಬರು ಮೂರನೆಯ ಅಭ್ಯರ್ಥಿಗಳಿಗೆ ಹೆಚ್ಚುಕಡಿಮೆ ಒಂದೇ ಸಮ, ತಲಾ ಶೇ 2.4 ಮತ ಬಂತು. ವರ್ಣಭೇದದ ಪರ ನಿಂತ ಸ್ಟ್ರಾಮ್ ಥರ್ಮಂಡ್ ಅವರ ಮತವೆಲ್ಲ ದಕ್ಷಿಣದಲ್ಲೇ ಗಟ್ಟಿಯಾಗಿತ್ತು: ನಾಲ್ಕು ರಾಜ್ಯ ಗೆದ್ದು 39 ಎಲೆಕ್ಟೋರಲ್ ಮತ ಪಡೆದರು (ಅದರಲ್ಲಿ ಒಂದು, ಟೆನೆಸಿಯ ಎಲೆಕ್ಟರ್ ಒಬ್ಬರು ತಮ್ಮ ರಾಜ್ಯದಲ್ಲಿ ಗೆದ್ದವರನ್ನು ಬಿಟ್ಟು ಹಾಕಿದ್ದು). ಪ್ರೋಗ್ರೆಸಿವ್ ಪಕ್ಷದ ಹೆನ್ರಿ ವಾಲೆಸ್ ಅವರ ಮತ ಎಲ್ಲ ಕಡೆ ಚೆದುರಿತ್ತು: ಅವರಿಗೆ ಸೊನ್ನೆ. 1968ರಲ್ಲಿ ಜಾರ್ಜ್ ವಾಲೆಸ್ ಶೇ 13.5 ಮತಕ್ಕೆ ಐದು ದಕ್ಷಿಣ ರಾಜ್ಯಗಳನ್ನು ಗೆದ್ದರು, 46 ಎಲೆಕ್ಟೋರಲ್ ಮತ ಪಡೆದರು. ಮತ ಎಷ್ಟು ಎನ್ನುವುದಕ್ಕಿಂತ ಮತ ಎಲ್ಲಿ ಎನ್ನುವುದೇ ಇಲ್ಲಿ ಮುಖ್ಯ.

ಬೇಸರದ ಸಂಗತಿಯೆಂದರೆ, ಒಂದು ಪ್ರದೇಶದ ಸಿಟ್ಟನ್ನು ಬಡಿದೆಬ್ಬಿಸುವವರಿಗೆ ಈ ವ್ಯವಸ್ಥೆ ಒಲಿಯುತ್ತದೆ, ದೇಶಕ್ಕೆಲ್ಲ ಅನ್ವಯಿಸುವ ವಿಚಾರ ಹೊತ್ತು ಬಂದವರಿಗೆ ಒಲಿಯುವುದಿಲ್ಲ.

ನಮ್ಮ ದೇವೇಗೌಡರು 46 ಸಂಸದರಿದ್ದ ಪಕ್ಷದಿಂದ ಪ್ರಧಾನಿಯಾದರು. ಅಲ್ಲಿ ಹಾಗೆ ಯಾಕೆ ಆಗಲ್ಲ?

1996ರಲ್ಲಿ ಜನತಾದಳ ಗೆದ್ದ 46 ಸ್ಥಾನಗಳು ಐದು ವರ್ಷದ ಲೋಕಸಭೆಯೊಳಗಿನ ಸ್ಥಾನಗಳು. ಫಲಿತಾಂಶ ಬಂದ ಮೇಲೆ ಮಾತುಕತೆ ನಡೆಸಿ, ಹೊರಗಿನ ಬೆಂಬಲ ಪಡೆದು ಸರ್ಕಾರ ರಚಿಸಲು ಸದನ ಒಂದಿತ್ತು. ಅಮೆರಿಕದ ಎಲೆಕ್ಟರುಗಳು ಒಂದೆಡೆ ಸೇರುವುದೇ ಇಲ್ಲ. ಡಿಸೆಂಬರ್‌ನ ಒಂದೇ ದಿನ ಅವರವರ ರಾಜ್ಯದಲ್ಲೇ ಕೂತು ಮತ ಹಾಕಿ ಮನೆಗೆ ಹೋಗುತ್ತಾರೆ. ಬೇರೆಯವರಿಗೆ ಹಾಕದಂತೆ ಬಹಳಷ್ಟು ರಾಜ್ಯಗಳು ಅವರನ್ನು ಕಾನೂನಿನಿಂದ ಕಟ್ಟಿಹಾಕಿವೆ. ಹೀಗೆ ಕಟ್ಟಿಹಾಕುವುದು ಸರಿ ಎಂದು 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಅಂದಮೇಲೆ ‘ಕಿಂಗ್‌ಮೇಕರ್’ ಆಗಲು ಜಾಗವೇ ಇಲ್ಲ. ಅಧ್ಯಕ್ಷಗಿರಿ ಒಂದೇ ಹುದ್ದೆ, ಹಂಚಿಕೊಳ್ಳಲು ಬರುವುದಿಲ್ಲ.

## ಮತಪತ್ರದಲ್ಲಿ ಹೆಸರು ಬರುವವರೆಗೆ

ಪಕ್ಷೇತರರು ಸ್ಪರ್ಧಿಸಬೇಕಾದರೆ ಏನೇನು ಮಾಡಬೇಕು?

ನಮ್ಮಲ್ಲಿ ಲೋಕಸಭೆಗೆ ಪಕ್ಷೇತರರಾಗಿ ನಿಲ್ಲಲು 10 ಸೂಚಕರು, 25,000 ರೂಪಾಯಿ ಠೇವಣಿ ಸಾಕು (ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರ ಅರ್ಧ). ಅಮೆರಿಕದಲ್ಲಿ ಇಡೀ ದೇಶಕ್ಕೆ ಒಂದು ನಾಮಪತ್ರವೆಂಬುದೇ ಇಲ್ಲ. 50 ರಾಜ್ಯ ಮತ್ತು ರಾಜಧಾನಿ, ಒಟ್ಟು 51 ಕಡೆ 51 ನಿಯಮ. ಕೆಲಸದ ಕ್ರಮ ಸಾಮಾನ್ಯವಾಗಿ ಹೀಗಿರುತ್ತದೆ:

1. ಉಪಾಧ್ಯಕ್ಷ ಅಭ್ಯರ್ಥಿಯನ್ನು ಸಹಿ ಸಂಗ್ರಹಕ್ಕಿಂತ ಮೊದಲೇ ಗೊತ್ತುಮಾಡುವುದು. ಹಲವು ರಾಜ್ಯಗಳಲ್ಲಿ ಸಹಿಯ ಹಾಳೆಯ ಮೇಲೆ ಆ ಹೆಸರೂ ಇರಬೇಕು.
2. ರಾಜ್ಯಕ್ಕೆ ಎಷ್ಟು ಎಲೆಕ್ಟರುಗಳೋ ಅಷ್ಟು ಜನರ ಪಟ್ಟಿ. ಟೆಕ್ಸಸ್‌ಗೆ 40, ಕ್ಯಾಲಿಫೋರ್ನಿಯಾಗೆ 54. ಒಬ್ಬೊಬ್ಬರ ಒಪ್ಪಿಗೆಯೂ ಬೇಕು.
3. ಆ ರಾಜ್ಯ ಹೇಳಿದ ನಮೂನೆಯಲ್ಲೇ ಸಹಿ ಸಂಗ್ರಹ. 2024ರಲ್ಲಿ ಪಕ್ಷೇತರರಿಗೆ ಕ್ಯಾಲಿಫೋರ್ನಿಯಾ ಕೇಳಿದ್ದು 2,19,403 ಸಹಿ. ಟೆಕ್ಸಸ್ 1,13,151 ಕೇಳಿತು, ಅದೂ ಆ ವರ್ಷದ ಪ್ರೈಮರಿಯಲ್ಲಿ (ಪಕ್ಷಗಳು ತಮ್ಮ ಅಭ್ಯರ್ಥಿಯನ್ನು ಆರಿಸುವ ಮೊದಲ ಸುತ್ತಿನ ಮತದಾನ) ಮತ ಹಾಕದವರಿಂದ ಮಾತ್ರ, ಮೇ ತಿಂಗಳೊಳಗೆ. ನ್ಯೂಯಾರ್ಕ್‌ನಲ್ಲಿ ಆರು ವಾರದಲ್ಲಿ 45,000. ಟೆನೆಸಿಯಲ್ಲಿ ಬರೀ 275. ಲೂಸಿಯಾನಾದಲ್ಲಿ ಸಹಿಯ ಬದಲು 500 ಡಾಲರ್ ಶುಲ್ಕ ಕಟ್ಟಿದರೂ ಆಗುತ್ತದೆ.
4. ಬೇಕಾದದ್ದಕ್ಕಿಂತ ಅರ್ಧದಷ್ಟು ಹೆಚ್ಚು ಸಹಿ. ಒಂದು ಲಕ್ಷ ಬೇಕಿದ್ದರೆ ಒಂದೂವರೆ ಲಕ್ಷ ತರಬೇಕು, ಏಕೆಂದರೆ ಪರಿಶೀಲನೆಯಲ್ಲಿ ಬಹಳ ಉದುರುತ್ತವೆ.
5. ವಕೀಲರನ್ನು ಮೊದಲೇ ಗೊತ್ತುಮಾಡಿಕೊಳ್ಳುವುದು. ದೊಡ್ಡ ಪಕ್ಷದವರು ತಕರಾರು ಹಾಕುವುದು ಖಂಡಿತ.

ಪಕ್ಷೇತರರಾಗುವ ಬದಲು ಆಗಲೇ ಮಾನ್ಯತೆ ಇರುವ ಸಣ್ಣ ಪಕ್ಷದ ಅಭ್ಯರ್ಥಿಯಾದರೆ ಈ ಶ್ರಮದ ದೊಡ್ಡ ಪಾಲು ಉಳಿಯುತ್ತದೆ. ಲಿಬರ್ಟೇರಿಯನ್ನರು 2016 ಮತ್ತು 2020ರಲ್ಲಿ ಎಲ್ಲ 51 ಕಡೆಯೂ ಮತಪತ್ರದಲ್ಲಿದ್ದರು. ಮಾನ್ಯತೆ ಉಳಿಸಿಕೊಳ್ಳುವುದೇ ಮತ್ತೊಂದು ಹೋರಾಟ. ನ್ಯೂಯಾರ್ಕ್ ಅದಕ್ಕೆ ಶೇ 2 ಅಥವಾ 1,30,000 ಮತ, ಇವೆರಡರಲ್ಲಿ ಹೆಚ್ಚಿನದು ಬೇಕೆಂದು ನಿಯಮ ಬಿಗಿ ಮಾಡಿತು. 2020ರ ನಂತರ ಅಲ್ಲಿ ಗ್ರೀನ್, ಲಿಬರ್ಟೇರಿಯನ್ ಎರಡೂ ಮಾನ್ಯತೆ ಕಳೆದುಕೊಂಡವು.

ಸಾವಿರಾರು ಸಹಿ ಕೊಟ್ಟ ಮೇಲೂ ತಿರಸ್ಕಾರ ಆಗೋದು ಯಾಕೆ?

ಸಹಿ ಮಾಡಿದವರು ಮತದಾರರ ಪಟ್ಟಿಯಲ್ಲಿ ಇಲ್ಲದಿರುವುದು, ಮನೆ ಬದಲಿಸಿದ್ದು ಪಟ್ಟಿಯಲ್ಲಿ ತಿದ್ದದೆ ಹೊಸ ವಿಳಾಸ ಬರೆಯುವುದು, ಒಬ್ಬರೇ ಎರಡು ಸಲ ಹಾಕುವುದು, ಒಂದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಹಾಳೆಯಲ್ಲಿ ಇನ್ನೊಂದು ಕೌಂಟಿಯವರ ಸಹಿ, ಸಂಗ್ರಹಿಸಿದವರು ಪ್ರಮಾಣಪತ್ರ ತುಂಬದೆ ಬಿಡುವುದು. ಸಾಮಾನ್ಯ ತಪ್ಪುಗಳು ಇವು.

ಇವನ್ನೆಲ್ಲ ದಾಟಿದರೂ ಕೈಕೊಡುವ ಸಂದರ್ಭಗಳಿವೆ, 2024 ಅದಕ್ಕೆ ಒಳ್ಳೆಯ ಪಾಠ. ಪಕ್ಷೇತರ ಅಭ್ಯರ್ಥಿ ರಾಬರ್ಟ್ ಕೆನಡಿ ಜೂನಿಯರ್ ನೆವಾಡಾದಲ್ಲಿ ಸಂಗ್ರಹಿಸಿದ ಮೊದಲ ಕಂತಿನ ಹಾಳೆಗಳಲ್ಲಿ ಉಪಾಧ್ಯಕ್ಷ ಅಭ್ಯರ್ಥಿಯ ಹೆಸರಿರಲಿಲ್ಲ. ಅವು ಸಲ್ಲವೆಂದು ರಾಜ್ಯ ಹೇಳಿತು. ನ್ಯೂಯಾರ್ಕ್‌ನಲ್ಲಿ ಅವರು ಅರ್ಜಿಯಲ್ಲಿ ಕೊಟ್ಟ ಮನೆಯ ವಿಳಾಸ ನಿಜವಾದ ವಾಸಸ್ಥಳವಲ್ಲವೆಂದು ನ್ಯಾಯಾಲಯ ತೀರ್ಮಾನಿಸಿ ಇಡೀ ಅರ್ಜಿಯನ್ನೇ ಅಮಾನ್ಯ ಮಾಡಿತು. ಗ್ರೀನ್ ಪಕ್ಷದ್ದು ಇನ್ನೂ ನೋವಿನ ಪ್ರಸಂಗ. ನೆವಾಡಾದ ಚುನಾವಣಾ ಕಚೇರಿಯೇ ತಪ್ಪು ನಮೂನೆ ಕಳಿಸಿತ್ತು, ಪಕ್ಷ ಅದರಲ್ಲೇ ಸಹಿ ತಂದುಕೊಟ್ಟಿತು. ಆದರೂ ಬೇಕಾದ ಪ್ರಮಾಣವಾಕ್ಯ ಅದರಲ್ಲಿಲ್ಲವೆಂದು ರಾಜ್ಯದ ಸುಪ್ರೀಂ ಕೋರ್ಟ್ ಹೆಸರನ್ನು ತೆಗೆಸಿತು. ಅಧಿಕಾರಿ ಕೊಟ್ಟ ಹಾಳೆಯನ್ನೂ ಕಾನೂನಿನ ಪುಸ್ತಕದ ಪಕ್ಕ ಇಟ್ಟು ಪದಪದವಾಗಿ ಹೋಲಿಸಲೇಬೇಕು.

ದಿನಸಿ ಅಂಗಡಿ ಮುಂದೆ ಸಹಿ ಕೇಳ್ತಾರೆ. ನಾನು ಎಚ್-1ಬಿ ವೀಸಾದಲ್ಲಿದ್ದೀನಿ. ಹಾಕಬಹುದಾ? ದುಡ್ಡು ಕೊಡಬಹುದಾ?

ಎರಡೂ ಆಗದು. ಈ ಅರ್ಜಿಗಳಿಗೆ ಸಹಿ ಹಾಕುವವರು ಮತದಾರರಾಗಿರಬೇಕು, ಅಂದರೆ ಪೌರರಾಗಿರಬೇಕು. ಗ್ರೀನ್ ಕಾರ್ಡ್ ಇದ್ದವರೂ ಸಹಿ ಹಾಕುವಂತಿಲ್ಲ. ದೇಣಿಗೆಯ ವಿಷಯದಲ್ಲಿ ವ್ಯತ್ಯಾಸವಿದೆ. ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು (2023-24ರಲ್ಲಿ ಒಬ್ಬ ಅಭ್ಯರ್ಥಿಗೆ ಒಂದು ಚುನಾವಣೆಗೆ 3,300 ಡಾಲರ್ ಮಿತಿ), ಎಚ್-1ಬಿ, ವಿದ್ಯಾರ್ಥಿ ವೀಸಾದವರು ಕೊಡುವಂತಿಲ್ಲ. ಸಂಬಳವಿಲ್ಲದೆ ಸ್ವಯಂಸೇವಕರಾಗಿ ದುಡಿಯಲು ಚುನಾವಣಾ ಕಾನೂನಿನ ಅಡ್ಡಿ ಇಲ್ಲ.

ಒಂದು ಎಚ್ಚರಿಕೆ. ಸಹಿ ಕೇಳುವವರ ಕೈಯಲ್ಲಿ ಕೆಲವೊಮ್ಮೆ ಮತದಾರರ ನೋಂದಣಿ ಫಾರಂ ಕೂಡ ಇರುತ್ತದೆ. ಓದದೆ ತುಂಬಿ, ಪೌರನೆಂದು ಗುರುತು ಹಾಕಿಬಿಟ್ಟರೆ ಮುಂದೆ ಗ್ರೀನ್ ಕಾರ್ಡ್‌ಗೂ ಪೌರತ್ವಕ್ಕೂ ಕುತ್ತು ಬರಬಹುದು. ನಿಂತು, ಓದಿ, ನಯವಾಗಿ ಬೇಡವೆನ್ನಿ.

ಮತಪತ್ರದಲ್ಲಿ ಹೆಸರಿಲ್ಲದಿದ್ದರೆ ನಾವೇ ಕೈಯಲ್ಲಿ ಬರೆದುಬಿಟ್ಟರೆ?

ಹಲವು ರಾಜ್ಯಗಳಲ್ಲಿ ಬರೆಯಬಹುದು, ಆದರೆ ಎಲೆಕ್ಟರುಗಳ ಪಟ್ಟಿ ಕೊಟ್ಟು ಮೊದಲೇ ನೋಂದಾಯಿಸಿಕೊಂಡ ಅಭ್ಯರ್ಥಿಯ ಹೆಸರನ್ನಷ್ಟೇ ಎಣಿಸುತ್ತಾರೆ. ನೆವಾಡಾ, ಒಕ್ಲಹೋಮ, ಸೌತ್ ಡಕೋಟ, ಹವಾಯಿಗಳಲ್ಲಿ ಬರೆಯಲು ಅವಕಾಶವೇ ಇಲ್ಲ.

## ಪ್ರಚಾರದ ತಿಂಗಳುಗಳು

ಟಿವಿ ಚರ್ಚೆಗೆ ಮೂರನೆಯವರನ್ನು ಯಾಕೆ ಕರೆಯಲ್ಲ?

2000ದಿಂದ, ಈ ಚರ್ಚೆಗಳನ್ನು ಏರ್ಪಡಿಸುತ್ತಿದ್ದ ಚರ್ಚಾ ಆಯೋಗದ ನಿಯಮ ಹೀಗಿತ್ತು: ಐದು ರಾಷ್ಟ್ರೀಯ ಸಮೀಕ್ಷೆಗಳಲ್ಲಿ ಸರಾಸರಿ ಶೇ 15 ಬೆಂಬಲ, ಜೊತೆಗೆ 270 ಎಲೆಕ್ಟರುಗಳಾಗುವಷ್ಟು ರಾಜ್ಯಗಳ ಮತಪತ್ರದಲ್ಲಿ ಹೆಸರು. ಈ ನಿಯಮ ಬಂದ ಮೇಲೆ ಮೂರನೆಯವರು ಒಬ್ಬರೂ ವೇದಿಕೆ ಹತ್ತಿಲ್ಲ. 2024ರಲ್ಲಿ ದೊಡ್ಡ ಪಕ್ಷಗಳ ಅಭ್ಯರ್ಥಿಗಳು ಆಯೋಗವನ್ನೇ ಬದಿಗಿಟ್ಟು ಟಿವಿ ಸಂಸ್ಥೆಗಳೊಂದಿಗೆ ನೇರ ಒಪ್ಪಂದ ಮಾಡಿಕೊಂಡರು. ಜೂನ್ 27ರ ಸಿಎನ್‌ಎನ್ ಚರ್ಚೆಗೆ ನಾಲ್ಕು ಸಮೀಕ್ಷೆಗಳಲ್ಲಿ ಶೇ 15 ಮತ್ತು ಅದೇ 270ರ ಷರತ್ತು ಇತ್ತು. ಬಹಳಷ್ಟು ರಾಜ್ಯಗಳಲ್ಲಿ ಸಹಿ ಸಲ್ಲಿಸುವ ಗಡುವೇ ಜುಲೈ, ಆಗಸ್ಟ್. ಜೂನ್‌ನಲ್ಲಿ ಆ ಷರತ್ತು ಪೂರೈಸುವುದು ಪಕ್ಷೇತರರಿಗೆ ಹೇಗೆ ಸಾಧ್ಯ? ಇದು ಅನ್ಯಾಯವೆಂದೇ ನಮ್ಮ ಭಾವನೆ.

ವೇದಿಕೆ ಸಿಕ್ಕರೆ ಏನಾಗುತ್ತದೆ ಎನ್ನುವುದಕ್ಕೆ ಪೆರೋ ಸಾಕ್ಷಿ. 1992ರ ಜುಲೈನಲ್ಲಿ ಕಣದಿಂದ ಹಿಂದೆ ಸರಿದು ಅಕ್ಟೋಬರ್ 1ಕ್ಕೆ ಮರಳಿದ ಅವರು ಮೂರೂ ಚರ್ಚೆಗಳಲ್ಲಿ ನಿಂತರು, ಬೆಂಬಲ ಏರುತ್ತ ಹೋಯಿತು. 1996ರಲ್ಲಿ ಅವರನ್ನು ಕರೆಯಲಿಲ್ಲ. ಮತ ಶೇ 8.4ಕ್ಕೆ ಇಳಿಯಿತು.

ಸಮೀಕ್ಷೆಯಲ್ಲಿ ಕಂಡ ಬೆಂಬಲ ಚುನಾವಣೆ ಹೊತ್ತಿಗೆ ಎಲ್ಲಿ ಹೋಗುತ್ತೆ?

1980ರಲ್ಲಿ ಪಕ್ಷೇತರ ಜಾನ್ ಆಂಡರ್ಸನ್ ಬೇಸಿಗೆಯ ಹೊತ್ತಿಗೆ ಶೇ 20 ದಾಟಿದ್ದರು, ಸಿಕ್ಕಿದ್ದು ಶೇ 6.6. 2016ರಲ್ಲಿ ಲಿಬರ್ಟೇರಿಯನ್ ಪಕ್ಷದ ಗ್ಯಾರಿ ಜಾನ್ಸನ್ ಶೇ 9ರ ಹತ್ತಿರವಿದ್ದರು, ಸಿಕ್ಕಿದ್ದು ಶೇ 3.3. ಬೇಸಿಗೆಯಲ್ಲಿ ಸಮೀಕ್ಷೆಯವರಿಗೆ ಮೂರನೆಯವರ ಹೆಸರು ಹೇಳುವುದು ಇಬ್ಬರ ಮೇಲಿನ ಅಸಮಾಧಾನ ತೋಡಿಕೊಳ್ಳುವ ಬಗೆ. ನವೆಂಬರ್ ಬಂದಾಗ ಮತದಾರ ‘ಯಾರು ಬರಬಾರದು’ ಎಂದು ಯೋಚಿಸತೊಡಗುತ್ತಾನೆ. ಒಂದೇ ಸ್ಥಾನ, ಮೊದಲು ಬಂದವರಿಗೇ ಎಲ್ಲ ಎಂಬ ಚುನಾವಣೆಯಲ್ಲಿ ಎರಡು ಪಕ್ಷಗಳೇ ಉಳಿಯುತ್ತವೆ ಎಂದು ಫ್ರಾನ್ಸ್‌ನ ವಿದ್ವಾಂಸ ಮೊರೀಸ್ ದುವರ್ಜೆ ಹೇಳಿದ್ದು ಈ ಮನಸ್ಥಿತಿಯನ್ನು ನೋಡಿಯೇ.

ಗೆಲ್ಲಲ್ಲ ಅಂತ ಗೊತ್ತಿದ್ದೂ ‘ಶೇ 5 ಕೊಡಿಸಿ’ ಅಂತ ಯಾಕೆ ಕೇಳ್ತಾರೆ?

ದೇಶದ ಒಟ್ಟು ಮತದಲ್ಲಿ ಶೇ 5 ದಾಟಿದ ಪಕ್ಷಕ್ಕೆ ಮುಂದಿನ ಸಲ ಸರ್ಕಾರದ ಚುನಾವಣಾ ನಿಧಿಯಿಂದ ಹಣ ಸಿಗುತ್ತದೆ. ಲೆಕ್ಕ ಸರಳ: ದೊಡ್ಡ ಪಕ್ಷಗಳ ಸರಾಸರಿ ಮತಕ್ಕೆ ಇವರ ಮತ ಎಷ್ಟು ಪಾಲೋ, ಅವರಿಗೆ ಸಲ್ಲುವ ಪೂರ್ಣ ಮೊತ್ತದಲ್ಲಿ ಇವರಿಗೂ ಅಷ್ಟೇ ಪಾಲು. 1996ರ ಪೆರೋ ಮತದ ಬಲದಿಂದ ಅವರ ರಿಫಾರ್ಮ್ ಪಕ್ಷಕ್ಕೆ 2000ದಲ್ಲಿ 1.26 ಕೋಟಿ ಡಾಲರ್ ಬಂತು. ಆ ಹಣಕ್ಕಾಗಿಯೇ ಪಕ್ಷ ಒಳಗೊಳಗೆ ಕಿತ್ತಾಡಿ ಒಡೆಯಿತು. ಅಭ್ಯರ್ಥಿ ಪ್ಯಾಟ್ ಬುಕಾನನ್‌ಗೆ ಬಂದದ್ದು ಶೇ 0.4. ಕಾರ್ಯಕರ್ತರ ಸಂಘಟನೆ ಗಟ್ಟಿಯಿಲ್ಲದ ಪಕ್ಷಕ್ಕೆ ದುಡ್ಡು ಬಂದರೆ ಹೀಗಾಗುತ್ತದೆ.

## ಲೆಕ್ಕದ ಒಳಗಿನ ಲೆಕ್ಕ

2000ದಲ್ಲಿ ಅಲ್ ಗೋರ್‌ರನ್ನು ಸೋಲಿಸಿದ್ದು ರಾಲ್ಫ್ ನೇಡರ್ ಅಲ್ವಾ?

ಫ್ಲಾರಿಡಾದಲ್ಲಿ ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್ ಡೆಮಾಕ್ರಟಿಕ್ ಪಕ್ಷದ ಗೋರ್ ವಿರುದ್ಧ ಗೆದ್ದ ಅಂತರ 537 ಮತ. ಗ್ರೀನ್ ಪಕ್ಷದ ನೇಡರ್‌ಗೆ ಅಲ್ಲಿ ಬಿದ್ದದ್ದು 97,488. ಅವರಲ್ಲಿ ಒಂದು ಸಣ್ಣ ಪಾಲು ಗೋರ್ ಕಡೆ ವಾಲಿದ್ದರೂ ಫಲಿತಾಂಶ ಬದಲಾಗುತ್ತಿತ್ತು. ಆದ್ದರಿಂದ ಆ ಮಾತಿನಲ್ಲಿ ಹುರುಳಿದೆ. ಆದರೆ 537 ಎಂಬ ಅಂತರಕ್ಕೆ ಮತಪತ್ರದ ಗೊಂದಲದಿಂದ ಹಿಡಿದು ಎಷ್ಟೋ ಕಾರಣಗಳು ಒಟ್ಟಿಗೆ ಹೊಣೆ.

ಇದನ್ನೇ ಎಲ್ಲ ಚುನಾವಣೆಗೂ ಅಂಟಿಸುವುದು ತಪ್ಪು. 2016ರಲ್ಲಿ ಮಿಶಿಗನ್‌ನಲ್ಲಿ ಟ್ರಂಪ್ ಅಂತರ 10,704, ಗ್ರೀನ್ ಪಕ್ಷದ ಜಿಲ್ ಸ್ಟೈನ್‌ಗೆ 51,463 ಮತ. ಇಲ್ಲಿಗೇ ನಿಲ್ಲಿಸಿದರೆ ಸ್ಟೈನ್ ಮೇಲೆ ಆರೋಪ ಸುಲಭ. ಅದೇ ರಾಜ್ಯದಲ್ಲಿ ಲಿಬರ್ಟೇರಿಯನ್ ಜಾನ್ಸನ್‌ಗೆ 1.7 ಲಕ್ಷಕ್ಕೂ ಹೆಚ್ಚು ಮತ ಬಿತ್ತು. ಅವರಲ್ಲಿ ಎಷ್ಟು ಜನ ಟ್ರಂಪ್‌ಗೆ ಹಾಕುತ್ತಿದ್ದರು, ಎಷ್ಟು ಜನ ಮನೆಯಲ್ಲೇ ಇರುತ್ತಿದ್ದರು? 1992ರ ಮತಗಟ್ಟೆ ಸಮೀಕ್ಷೆಯಲ್ಲಿ ಪೆರೋ ಬೆಂಬಲಿಗರು ಬಿಲ್ ಕ್ಲಿಂಟನ್, ಹಿರಿಯ ಬುಷ್ ನಡುವೆ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರು. ಮೂರನೆಯವರ ಮತ ಯಾವುದೋ ಒಂದು ಪಕ್ಷದ ಸ್ವತ್ತು ಎಂದುಕೊಂಡು ಲೆಕ್ಕ ಹಾಕಬಾರದು.

ಯಾರಿಗೂ 270 ಬರದಿದ್ದರೆ ಮೂರನೆಯವರಿಗೆ ಅದೃಷ್ಟ ಖುಲಾಯಿಸಬಹುದಾ?

ಆಗ ಸಂವಿಧಾನದ 12ನೇ ತಿದ್ದುಪಡಿಯಂತೆ ಮೊದಲ ಮೂವರ ಪೈಕಿ ಒಬ್ಬರನ್ನು ಹೊಸದಾಗಿ ಆಯ್ಕೆಯಾದ ಪ್ರತಿನಿಧಿ ಸಭೆ (ಸಂಸತ್ತಿನ ಕೆಳಮನೆ) ಆರಿಸುತ್ತದೆ. ಅಲ್ಲಿ ಸದಸ್ಯರಿಗೆ ಒಂದೊಂದು ಮತವಿಲ್ಲ, ರಾಜ್ಯಕ್ಕೆ ಒಂದು ಮತ. 52 ಸದಸ್ಯರ ಕ್ಯಾಲಿಫೋರ್ನಿಯಾಗೂ ಒಂದೇ, ಒಬ್ಬರೇ ಸದಸ್ಯರಿರುವ ವಯೋಮಿಂಗ್‌ಗೂ ಒಂದೇ. ಗೆಲ್ಲಲು 26 ಬೇಕು. ಉಪಾಧ್ಯಕ್ಷರನ್ನು ಮೊದಲ ಇಬ್ಬರಲ್ಲಿ ಸೆನೆಟ್ ಆರಿಸುತ್ತದೆ. ಜನವರಿ 20ರೊಳಗೆ ಅಧ್ಯಕ್ಷರ ಆಯ್ಕೆ ಮುಗಿಯದಿದ್ದರೆ ಆ ಉಪಾಧ್ಯಕ್ಷರೇ ಸದ್ಯಕ್ಕೆ ಅಧಿಕಾರ ನಡೆಸುತ್ತಾರೆ.

ಪ್ರತಿನಿಧಿ ಸಭೆಯ ತುಂಬ ಎರಡು ಪಕ್ಷದವರೇ. ಮೂರನೆಯವರನ್ನು ಅಲ್ಲಿ ಎತ್ತಿಹಿಡಿಯುವವರು ಯಾರು? 1824ರಲ್ಲಿ ಹೆಚ್ಚು ಎಲೆಕ್ಟೋರಲ್ ಮತ ಪಡೆದಿದ್ದ ಆಂಡ್ರೂ ಜಾಕ್ಸನ್‌ರನ್ನು ಬಿಟ್ಟು ಸಭೆ ಜಾನ್ ಕ್ವಿನ್ಸಿ ಆಡಮ್ಸ್‌ರನ್ನು ಆರಿಸಿತು, ಆ ಗಾಯ ವರ್ಷಗಟ್ಟಲೆ ಮಾಗಲಿಲ್ಲ. 1968ರಲ್ಲಿ ಜಾರ್ಜ್ ವಾಲೆಸ್ ಲೆಕ್ಕ ಹಾಕಿದ್ದು ಗೆಲುವನ್ನಲ್ಲ. ಯಾರಿಗೂ ಬಹುಮತ ಬರದಂತೆ ತಡೆದು, ತಮ್ಮ ಎಲೆಕ್ಟರುಗಳನ್ನು ಮುಂದಿಟ್ಟು ಚೌಕಾಸಿ ಮಾಡುವ ಆಸೆ ಅದು. ನಿಕ್ಸನ್‌ಗೆ 301 ಬಂದು ಆ ಆಸೆ ಅಲ್ಲಿಗೇ ಮುಗಿಯಿತು.

ಒಬ್ಬ ಕೋಟ್ಯಧಿಪತಿ ಹಣ ಸುರಿದರೆ ಪರಿಸ್ಥಿತಿ ಬದಲಾಗಲ್ವಾ?

ಹಣದಿಂದ ಸಹಿಯ ಅಡ್ಡಿ ದಾಟಬಹುದು, ಟಿವಿ ಸಮಯ ಕೊಳ್ಳಬಹುದು. ಪೆರೋ ಅದನ್ನೇ ಮಾಡಿದ್ದು: 6 ಕೋಟಿ ಡಾಲರ್‌ಗೂ ಹೆಚ್ಚು ಸ್ವಂತ ಹಣ ಹಾಕಿ ಅರ್ಧರ್ಧ ಗಂಟೆಯ ಕಾರ್ಯಕ್ರಮ ಕೊಂಡರು. ಆದರೆ ರಾಜ್ಯ ಗೆಲ್ಲಲು ಬೇಕಾದ ಸ್ಥಳೀಯ ಬೇರು ಹಣದಿಂದ ನಾಲ್ಕು ತಿಂಗಳಲ್ಲಿ ಇಳಿಯುವುದಿಲ್ಲ. 2025ರ ಜುಲೈನಲ್ಲಿ ಇಲಾನ್ ಮಸ್ಕ್ ಹೊಸ ಪಕ್ಷ ಘೋಷಿಸಿದಾಗಲೂ ಇದೇ ಪ್ರಶ್ನೆ ಎದ್ದಿತ್ತು. ಹುಟ್ಟಿನಿಂದ ಪೌರರಲ್ಲದ ಅವರು ಅಧ್ಯಕ್ಷರಾಗುವಂತೆಯೂ ಇಲ್ಲ.

ಹೊರಗಿನವರಿಗೆ ನಿಜವಾಗಿ ತೆರೆದ ಬಾಗಿಲು ದೊಡ್ಡ ಪಕ್ಷದ ಪ್ರೈಮರಿ. ಅಲ್ಲಿ ನಾಯಕರ ಟಿಕೆಟ್ ಬೇಕಿಲ್ಲ, ಮತದಾರರ ಮತ ಸಾಕು. 1988ರ ಲಿಬರ್ಟೇರಿಯನ್ ಅಭ್ಯರ್ಥಿ ರಾನ್ ಪಾಲ್ ಮುಂದೆ ರಿಪಬ್ಲಿಕನ್ ಪ್ರೈಮರಿಗಳಲ್ಲಿ ನಿಂತು ಹೆಚ್ಚು ಜನರನ್ನು ತಲುಪಿದರು. ಪಕ್ಷೇತರ ಸೆನೆಟರ್ ಬರ್ನಿ ಸ್ಯಾಂಡರ್ಸ್ 2016ರಲ್ಲಿ ಡೆಮಾಕ್ರಟಿಕ್ ಪ್ರೈಮರಿಗೆ ಇಳಿದರು. ಟ್ರಂಪ್ ಕೂಡ 2000ದ ಚುನಾವಣೆಗೆ ರಿಫಾರ್ಮ್ ಪಕ್ಷದ ಉಮೇದುವಾರಿಕೆಗೆ ಯತ್ನಿಸಿ ಬಿಟ್ಟವರು. ಹದಿನಾರು ವರ್ಷದ ನಂತರ ರಿಪಬ್ಲಿಕನ್ ಪ್ರೈಮರಿಯ ಮೂಲಕ ಶ್ವೇತಭವನ ಸೇರಿದರು. ಆದರೆ ಟೆಕ್ಸಸ್‌ನಂಥ ರಾಜ್ಯಗಳಲ್ಲಿ ಪ್ರೈಮರಿಯಲ್ಲಿ ಸೋತವರು ಅದೇ ವರ್ಷ ಪಕ್ಷೇತರರಾಗಿ ನಿಲ್ಲುವಂತಿಲ್ಲ. ಎರಡರಲ್ಲಿ ಒಂದು ದಾರಿಯನ್ನು ಮೊದಲೇ ಆರಿಸಿಕೊಳ್ಳಬೇಕು.

ಆದ್ಯತಾ ಮತದಾನ ಬಂದರೆ ಮೂರನೆಯವರು ಗೆಲ್ತಾರಾ?

ಅಭ್ಯರ್ಥಿಗಳಿಗೆ 1, 2, 3 ಎಂದು ಕ್ರಮ ಕೊಡುವ ಪದ್ಧತಿ ಇದು. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವರನ್ನು ತೆಗೆದು, ಅವರ ಮತವನ್ನು ಮುಂದಿನ ಆಯ್ಕೆಗೆ ವರ್ಗಾಯಿಸುತ್ತ ಹೋಗುತ್ತಾರೆ. ಅಧ್ಯಕ್ಷೀಯ ಚುನಾವಣೆಗೆ ಮೇನ್ 2020ರಿಂದ, ಅಲಾಸ್ಕಾ 2024ರಿಂದ ಇದನ್ನು ಬಳಸುತ್ತಿವೆ. ಇದರಿಂದ ಮತ ಒಡೆಯುವ ಭಯ ಹೋಗುತ್ತದೆ, ಮೂರನೆಯವರ ನಿಜವಾದ ಬೆಂಬಲ ಎಷ್ಟೆಂದು ಲೆಕ್ಕಕ್ಕೆ ಸಿಗುತ್ತದೆ. ಇದೇ ದೊಡ್ಡ ಲಾಭ. ಆದರೆ 270ರ ಗೋಡೆ ಹಾಗೇ ಇರುತ್ತದೆ. ಹಲವು ರಾಜ್ಯಗಳನ್ನು ಮೂರನೆಯವರು ಗೆದ್ದರೂ ಬಹುಮತ ಯಾರಿಗೂ ಬರದೆ ಆಯ್ಕೆ ಪ್ರತಿನಿಧಿ ಸಭೆಗೆ ಹೋದೀತು. 2024ರ ನವೆಂಬರ್‌ನಲ್ಲಿ ಕೊಲರಾಡೊ, ಇಡಾಹೊ, ನೆವಾಡಾ, ಆರಿಗನ್ ಮತದಾರರು ಈ ಪದ್ಧತಿಯ ಪ್ರಸ್ತಾವಗಳನ್ನು ತಳ್ಳಿಹಾಕಿದ್ದು ನಿರಾಸೆಯ ಸುದ್ದಿ.

ನಾನು ಪೌರತ್ವ ಪಡೆದ ಕನ್ನಡಿಗ, ಕ್ಯಾಲಿಫೋರ್ನಿಯಾದಲ್ಲಿದ್ದೀನಿ. ಮೂರನೆಯವರಿಗೆ ಹಾಕಿದರೆ ಮತ ವ್ಯರ್ಥನಾ?

ಎರಡು ಅಂಕಿ ನೋಡಿ ನಿರ್ಧರಿಸಿ. ಮೊದಲನೆಯದು ನಿಮ್ಮ ರಾಜ್ಯದ ಹಿಂದಿನ ಅಂತರ. ಕ್ಯಾಲಿಫೋರ್ನಿಯಾದಲ್ಲಿ 2024ರ ಅಂತರ ಶೇ 20ರಷ್ಟಿತ್ತು. ಅಲ್ಲಿ ನಿಮ್ಮ ಮತ ಎತ್ತ ಹೋದರೂ 54 ಎಲೆಕ್ಟರುಗಳು ಕದಲುವುದಿಲ್ಲ. ಹಾಗಾಗಿ ಮೂರನೆಯವರಿಗೆ ಹಾಕಿದ್ದು ಉಳಿದವರ ಮತಕ್ಕಿಂತ ಹೆಚ್ಚು ವ್ಯರ್ಥವಲ್ಲ. ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಲ್ಲಿದ್ದರೆ ಮಾತ್ರ ನಿಮ್ಮ ಎರಡನೇ ಆಯ್ಕೆ ಸೋತರೂ ಪರವಾಗಿಲ್ಲವೇ ಎಂದು ಕೇಳಿಕೊಳ್ಳಲೇಬೇಕು. ಎರಡನೆಯದು, ಆ ಪಕ್ಷಕ್ಕೆ ನಿಮ್ಮ ರಾಜ್ಯದಲ್ಲಿ ಮಾನ್ಯತೆ ಉಳಿಯಲು ಬೇಕಾದ ಮತ. ಅದರ ಹತ್ತಿರವಿದ್ದರೆ ನಿಮ್ಮ ಮತಕ್ಕೆ ನೇರವಾದ ಬೆಲೆ ಇದೆ.

ಅಭ್ಯರ್ಥಿ ಇನ್ನೂ ಕಣದಲ್ಲಿದ್ದಾರೆಯೇ ಎಂದೂ ಖಚಿತಪಡಿಸಿಕೊಳ್ಳಿ. ಕೆನಡಿ 2024ರ ಆಗಸ್ಟ್ 23ಕ್ಕೆ ಪ್ರಚಾರ ನಿಲ್ಲಿಸಿ ಟ್ರಂಪ್‌ಗೆ ಬೆಂಬಲ ಘೋಷಿಸಿದ ಮೇಲೂ ಮಿಶಿಗನ್, ವಿಸ್ಕಾನ್ಸಿನ್ ಮತಪತ್ರಗಳಲ್ಲಿ ಅವರ ಹೆಸರು ಉಳಿದಿತ್ತು. ತೆಗೆಸಲು ಅವರೇ ಕೋರ್ಟಿಗೆ ಹೋದರೂ ಆಗಲಿಲ್ಲ.

ಮತಪತ್ರದ ಕೆಳಗಿನ ಸಾಲುಗಳನ್ನೂ ಬಿಡಬೇಡಿ. 1994ರಲ್ಲಿ ಮೇನ್‌ನಲ್ಲಿ ಪಕ್ಷೇತರ ಆಂಗಸ್ ಕಿಂಗ್, 1998ರಲ್ಲಿ ಮಿನೆಸೋಟದಲ್ಲಿ ರಿಫಾರ್ಮ್ ಪಕ್ಷದ ಜೆಸ್ಸಿ ವೆಂಚುರಾ ಗವರ್ನರ್ ಆಗಿ ಗೆದ್ದರು. ವೆಂಚುರಾಗೆ ಬೇಕಾದದ್ದು ಒಂದೇ ರಾಜ್ಯ, ಶೇ 37 ಮತ. ಮತದಾನದ ದಿನವೇ ಹೆಸರು ನೋಂದಾಯಿಸಿ ಮತ ಹಾಕಲು ಆ ರಾಜ್ಯದಲ್ಲಿ ಅವಕಾಶವಿತ್ತು.